ಎಸ್ಸೆಸ್ಸೆಲ್ಸಿ ಆದಮೇಲೆ ಡಿಪ್ಲೊಮಾ ಸಿವಿಲ್‌ಗೆ ತಂಗಿಯನ್ನು ಸೇರಿಸಬಹುದಾ? ಸೈಟ್ ಕೆಲಸ ಬಲ್ಲವರು ಹೇಳಿ

ತಿಪಟೂರಿನ ಅಣ್ಣ

ಎಲ್ಲರಿಗೂ ನಮಸ್ಕಾರ. ತಂಗಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್‌ನಲ್ಲಿ ಪಾಸಾಗಿದ್ದಾಳೆ. ಓದಿದ್ದು ಕನ್ನಡ ಮಾಧ್ಯಮ. ಮನೆಯಲ್ಲಿ ಎಲ್ಲರದ್ದೂ ಪಿಯುಸಿ ಸೈನ್ಸ್ ಅಂತ ಒಂದೇ ಮಾತು. ಅವಳಿಗೆ ಮಾತ್ರ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಮಾಡಬೇಕು ಅಂತ ಹಟ. ತುಮಕೂರು–ಶಿವಮೊಗ್ಗ ಹೆದ್ದಾರಿ ಅಗಲ ಮಾಡುವಾಗ ಮೂರು ಕಾಲಿನ ಮೇಲೆ ಯಂತ್ರ ಇಟ್ಟು ನೋಡುತ್ತಿದ್ದವರಲ್ಲಿ ಒಬ್ಬ ಹೆಣ್ಣುಮಗಳು ಇದ್ದರಂತೆ. ಅಲ್ಲಿಂದ ಹತ್ತಿದ ಹುಚ್ಚು ಇದು.

ನಾನು ಟೆಂಪೊ ಓಡಿಸುವವನು, ಈ ಲೈನ್ ಬಗ್ಗೆ ಏನೂ ಗೊತ್ತಿಲ್ಲ. ಮೂರು ವರ್ಷ ಏನು ಕಲಿಸುತ್ತಾರೆ? ಕೆಲಸ ಸಿಗುತ್ತಾ? ಮುಂದೆ ಬಿಇ ಮಾಡಬೇಕು ಅಂದರೆ ವರ್ಷ ಹಾಳಾಗುತ್ತಾ? ಇಂಗ್ಲಿಷ್ ಕಷ್ಟ ಆಗುತ್ತಾ? 'ಸಿವಿಲ್ ಬೇಡ, ಕಂಪ್ಯೂಟರ್ ಕೊಡಿಸಿ' ಅನ್ನೋರೇ ಜಾಸ್ತಿ.

ಬಿಇ ಮುಗಿಸಿದವ

ಕಂಪ್ಯೂಟರ್ ಕೊಡಿಸಿ. ಸಿವಿಲ್ ಅಂದರೆ ಬಿಸಿಲು, ಧೂಳು, ಭಾನುವಾರವೂ ಡ್ಯೂಟಿ. ಬಿಇ ಆದವರಿಗೇ ಶುರುವಿನಲ್ಲಿ ಹದಿನೈದು ಸಾವಿರ ಅಂತಾರೆ. ಡಿಪ್ಲೊಮಾದವರನ್ನು ಕೇಳೋರು ಯಾರು?

ಸೈಟ್ ಮನುಷ್ಯ

ಮೊದಲ ಸಂಬಳದ ಬಗ್ಗೆ ಮೇಲಿನವರು ಹೇಳಿದ್ದು ಸುಳ್ಳಲ್ಲ. ಆದರೆ ಕೇಳೋರು ಇದ್ದಾರೆ. ನಾನೂ ಡಿಪ್ಲೊಮಾನೇ, ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಸೈಟ್ ನೋಡಿಕೊಳ್ಳುತ್ತೇನೆ. ಲೆಕ್ಕ ಹಾಕಿ ಡ್ರಾಯಿಂಗ್ ಕೊಡೋರು ಸ್ಟ್ರಕ್ಚರಲ್ ಇಂಜಿನಿಯರ್. ಕಟ್ಟೋರು ಮೇಸ್ತ್ರಿ, ಬಾರ್ ಬೆಂಡರ್, ಸೆಂಟ್ರಿಂಗ್‌ನವರು. ಡ್ರಾಯಿಂಗ್‌ನಲ್ಲಿ ಇರೋದೇ ಸೈಟಿಗೂ ಬಂದಿದೆಯಾ ಅಂತ ಟೇಪ್ ಹಿಡಿದು ನೋಡುವವರು ಒಬ್ಬರು ಬೇಕಲ್ವಾ? ಡಿಪ್ಲೊಮಾ ಓದಿಸೋದೇ ಆ ಕೆಲಸಕ್ಕೆ.

ಮೋಲ್ಡ್ ಹಾಕುವ ಹಿಂದಿನ ಸಂಜೆ ನಾನು ಸ್ಲ್ಯಾಬ್ ಹತ್ತಿದರೆ ಇಳಿಯೋದು ಕತ್ತಲಾದ ಮೇಲೆ. ಸರಳು ಸರಳಿನ ನಡುವೆ 150 ಮಿ.ಮೀ. ಅಂತ ಇರೋ ಕಡೆ 180 ಬಿಟ್ಟಿರುತ್ತಾರೆ. ಕೇಳಿದರೆ 'ಏನೂ ಆಗಲ್ಲ ಸಾರ್'. ಕವರ್ ಬ್ಲಾಕ್ (ಸರಳನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಇಡದೆ ಸರಳು ನೇರ ಹಲಗೆ ಮೇಲೆ ಮಲಗಿರುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಸಾಮಾನ್ಯ ಸ್ಲ್ಯಾಬ್‌ಗೆ ಕನಿಷ್ಠ 20, ಕಾಲಂಗೆ 40, ಫೂಟಿಂಗ್‌ಗೆ 50 ಮಿ.ಮೀ. ಕವರ್ ಬೇಕು, ಅಂದರೆ ಸರಳಿನ ಹೊರಗೆ ಅಷ್ಟು ದಪ್ಪ ಕಾಂಕ್ರೀಟ್. ಇಲ್ಲದಿದ್ದರೆ ಕೆಲವೇ ವರ್ಷದಲ್ಲಿ ತುಕ್ಕು ಹಿಡಿದು ಸೀಲಿಂಗ್ ಚಕ್ಕೆ ಏಳುತ್ತದೆ.

ಬಾಲ್ಕನಿ ಇನ್ನೂ ಅಪಾಯ. ಅಲ್ಲಿ ಮುಖ್ಯ ಸರಳು ಮೇಲುಗಡೆ ಇರಬೇಕು. ಕಾಂಕ್ರೀಟ್ ಹರಡುವವರು ಅದರ ಮೇಲೇ ಓಡಾಡಿ ಕೆಳಕ್ಕೆ ತುಳಿದುಬಿಟ್ಟರೆ, ಸರಳು ಇದ್ದೂ ಇಲ್ಲದ ಹಾಗೆ. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗಲ್ಲ. ಅದಕ್ಕೆ ಚೇರ್ (ಮೇಲಿನ ಸರಳನ್ನು ಎತ್ತಿ ಹಿಡಿಯುವ ಬಗ್ಗಿಸಿದ ಸರಳು) ಇಟ್ಟಿದ್ದಾರಾ ಅಂತ ಒಂದೊಂದನ್ನೂ ಕಾಲಲ್ಲಿ ಒತ್ತಿ ನೋಡುತ್ತೇನೆ.

ಬೆಳಿಗ್ಗೆ ಆರ್‌ಎಂಸಿ (ಕಲಸಿ ತರುವ ರೆಡಿಮಿಕ್ಸ್ ಕಾಂಕ್ರೀಟ್) ಲಾರಿ ಬಂದ ತಕ್ಷಣ ಸ್ಲಂಪ್ ಟೆಸ್ಟ್. 300 ಮಿ.ಮೀ. ಎತ್ತರದ ಕೋನ್ ಒಳಗೆ ಕಾಂಕ್ರೀಟನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೆ 25 ಸಲ ಸರಳಿನಿಂದ ಕುಟ್ಟಿ, ಕೋನನ್ನು ನೆಟ್ಟಗೆ ಎತ್ತಬೇಕು. ಎಷ್ಟು ಕುಸಿಯಿತೋ ಅದು ಸ್ಲಂಪ್. ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಕಾಂಕ್ರೀಟ್ ಬಿಗಿಯಾಗಿದ್ದರೆ ಡ್ರೈವರ್ ಸುಮ್ನೆ ಪೈಪ್ ತೆಗೆದು ನೀರು ಬಿಡೋಕೆ ಹೋಗುತ್ತಾನೆ. ನೀರು ಬಿಟ್ಟರೆ ಸಲೀಸಾಗಿ ಹರಿಯುತ್ತದೆ, ಬಲ ಹೋಗುತ್ತದೆ. ಬೇಡ ಅಂತ ಅವನ ಕೈ ಹಿಡಿಯೋಕೆ ಧೈರ್ಯವೂ ಬೇಕು, ಕಾರಣವೂ ಗೊತ್ತಿರಬೇಕು. ಆ ಕಾರಣವನ್ನು ಕಲಿಸುವುದು ಪಾಲಿಟೆಕ್ನಿಕ್. ಧೈರ್ಯ ಸೈಟ್‌ನಲ್ಲಿ ಬರುತ್ತದೆ.

ಚಾಕ್‌ಪೀಸ್

ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ, ನಿಯಮದ ಭಾಗ ನಾನು ಹೇಳುತ್ತೇನೆ.

ಮೂರು ವರ್ಷ, ಆರು ಸೆಮಿಸ್ಟರ್. ಎಸ್ಸೆಸ್ಸೆಲ್ಸಿ ಸಾಕು. ಪಿಯುಸಿ ಸೈನ್ಸ್ ಅಥವಾ ಐಟಿಐ ಆದವರು ನೇರ ಎರಡನೇ ವರ್ಷಕ್ಕೆ ಬರುತ್ತಾರೆ. ಡಿಪ್ಲೊಮಾ ಮುಗಿಸಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಲೆಕ್ಕ ಹಾಕಿ ನೋಡಿ: ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಬಿಇ ಮೂರು, ಅದೂ ಆರೇ. ಒಂದು ವರ್ಷವೂ ಹಾಳಾಗಲ್ಲ. ಮಧ್ಯದಲ್ಲಿ ಮನೆ ಪರಿಸ್ಥಿತಿ ಕೆಟ್ಟರೂ ಕೈಯಲ್ಲಿ ಕೆಲಸಕ್ಕೆ ಬರುವ ಸರ್ಟಿಫಿಕೇಟ್ ಇರುತ್ತದೆ. ಬರೀ ಪಿಯುಸಿ ಆದವರಿಗೆ ಆ ಅನುಕೂಲ ಇಲ್ಲ.

ಮೊದಲ ವರ್ಷ ಮ್ಯಾಥ್ಸ್, ಇಂಗ್ಲಿಷ್, ಕಂಪ್ಯೂಟರ್, ಡ್ರಾಯಿಂಗ್ ಜಾಸ್ತಿ. ಆಮೇಲೆ ಸರ್ವೆ, ಕಟ್ಟಡ ಸಾಮಗ್ರಿ, ಕಾಂಕ್ರೀಟ್, ಮಣ್ಣು, ರಸ್ತೆ, ನೀರು, ಎಸ್ಟಿಮೇಶನ್. 2020ರ ಸಿ-20 ಪಠ್ಯಕ್ರಮದಿಂದ ಕೊನೆಯ ಸೆಮಿಸ್ಟರ್ ಇಂಟರ್ನ್‌ಶಿಪ್, ಪ್ರಾಜೆಕ್ಟ್ ಕಡೆಗೆ ವಾಲಿತು. ನನ್ನ ಮಟ್ಟಿಗೆ ಅದು ಒಳ್ಳೆಯ ಬದಲಾವಣೆ. ಆದರೆ ಎಲ್ಲಿ ಇಂಟರ್ನ್‌ಶಿಪ್ ಮಾಡುತ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಚಿಕ್ಕಪ್ಪನ ಪರಿಚಯದ ಆಫೀಸಿನಲ್ಲಿ ಸಹಿ ಹಾಕಿಸಿಕೊಂಡು ಬರುವವರೂ ಇದ್ದಾರೆ.

ಕನ್ನಡ ಮಾಧ್ಯಮದವರಿಗೆ ಮೊದಲ ಸೆಮಿಸ್ಟರ್ ಕಷ್ಟ, ಇದನ್ನು ಮುಚ್ಚಿಡಲ್ಲ. ಪರೀಕ್ಷೆ ಹತ್ತಿರ ಬಂದಾಗ ಅಳುವವರು ಪ್ರತಿ ಬ್ಯಾಚ್‌ನಲ್ಲೂ ಸಿಗುತ್ತಾರೆ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಡಿಪ್ಲೊಮಾ ಪುಸ್ತಕಗಳನ್ನು ಕನ್ನಡದಲ್ಲೂ ಹೊರತಂದಿದೆ, ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ ಇಟ್ಟುಕೊಂಡು ಓದಲಿ. ಮೂರನೇ ಸೆಮಿಸ್ಟರ್‌ಗೆ ಬರುವಷ್ಟರಲ್ಲಿ ಬೀಮ್, ಕಾಲಂ, ಸ್ಲ್ಯಾಬ್, ಲೆವೆಲ್ ಎಲ್ಲ ಬಾಯಿಗೆ ಬಂದಿರುತ್ತದೆ. ಮೇಸ್ತ್ರಿಗಳು ಆಡೋದೂ ಅದೇ ಮಾತು ತಾನೇ.

ಬಿಇ ಮುಗಿಸಿದವ

ವರ್ಷದ ಲೆಕ್ಕ ಒಪ್ಪಿದೆ. ಆದರೆ ನಮ್ಮ ಕ್ಲಾಸಿಗೆ ಲ್ಯಾಟರಲ್ ಎಂಟ್ರಿಯಲ್ಲಿ (ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ) ಬಂದವರು ಮ್ಯಾಥ್ಸ್‌ನಲ್ಲಿ ಒದ್ದಾಡಿದ್ದು ಕಣ್ಣಾರೆ ನೋಡಿದ್ದೇನೆ. ನಮ್ಮ ಪೇಪರ್ ಜೊತೆಗೆ ಅವರಿಗೆ ಮ್ಯಾಟ್‌ಡಿಪ್ ಅಂತ ಹೆಚ್ಚುವರಿ ಮ್ಯಾಥ್ಸ್ ಪೇಪರ್ ಬೇರೆ. ಅದನ್ನೂ ಹೇಳಿ ಸಾರ್.

ಸರ್ವೆ ಲ್ಯಾಬ್‌ನಲ್ಲಿ ಮಾತ್ರ ನಾವೆಲ್ಲ ಅವರ ಹಿಂದೆ ನಿಂತಿರುತ್ತಿದ್ದೆವು. ಅದೂ ನಿಜವೇ.

ಚಾಕ್‌ಪೀಸ್

ಸರಿಯಾಗಿ ಹೇಳಿದಿರಿ. ಬಿಇ ಯೋಚನೆ ಇದ್ದರೆ ಡಿಪ್ಲೊಮಾ ಮ್ಯಾಥ್ಸನ್ನು ಪಾಸಾದರೆ ಸಾಕು ಅಂತ ಬಿಡಬಾರದು. ಇಂಟಿಗ್ರೇಶನ್ ಆಗಲೇ ಗಟ್ಟಿ ಮಾಡಿಕೊಳ್ಳಬೇಕು.

ಸರ್ವೆ ವಿಷಯ ಬಂತು, ತಂಗಿಗೆ ತೋರಿಸಲಿ ಅಂತ ಒಂದು ಸಣ್ಣ ಲೆಕ್ಕ. ಮನೆ ಮುಂದಿನ ರಸ್ತೆಯ ಮಟ್ಟವನ್ನು 100.000 ಮೀಟರ್ ಅಂತ ಇಟ್ಟುಕೊಳ್ಳಿ. ಅಲ್ಲಿ ಸ್ಟಾಫ್ (ಅಳತೆ ಗೆರೆ ಇರುವ ಉದ್ದ ಪಟ್ಟಿ) ನಿಲ್ಲಿಸಿ ಆಟೊ ಲೆವೆಲ್ ಯಂತ್ರದಲ್ಲಿ ನೋಡಿದಾಗ 1.450 ಓದಿತು. ಅಂದರೆ ಯಂತ್ರದ ಕಣ್ಣು ಇರುವ ಎತ್ತರ 101.450. ಈಗ ಸ್ಟಾಫನ್ನು ಪಾಯದ ಗೂಟದ ಮೇಲೆ ಇಟ್ಟರೆ 0.850 ಬಂತು. 101.450ರಲ್ಲಿ 0.850 ಕಳೆದರೆ 100.600. ಗೂಟ ರಸ್ತೆಗಿಂತ 600 ಮಿ.ಮೀ., ಹೆಚ್ಚುಕಡಿಮೆ ಎರಡಡಿ ಮೇಲಿದೆ, ಮಳೆನೀರು ಒಳಗೆ ನುಗ್ಗಲ್ಲ. ಓದಿದ ಸಂಖ್ಯೆ ಸಣ್ಣದಾದಷ್ಟೂ ಜಾಗ ಎತ್ತರ. ಹೊಸಬರಿಗೆ ತಲೆಕೆಳಗಾಗೋದು ಇಲ್ಲೇ. ಇದು ಓದಿ ಖುಷಿ ಆಯ್ತು ಅಂದರೆ ಸಿವಿಲ್ ಕೊಡಿಸಿ.

ತಿಪಟೂರಿನ ಅಣ್ಣ

ತೋರಿಸಿದೆ ಸಾರ್. 'ಹಾಗಾದರೆ ರಸ್ತೆಗೆ ಮೇಲೆ ಮೇಲೆ ಡಾಂಬರು ಹಾಕುತ್ತಾ ಹೋದರೆ ಮನೆ ಕೆಳಗಾಗಲ್ವಾ' ಅಂತ ಕೇಳುತ್ತಿದ್ದಾಳೆ.

ಸೈಟ್ ಮನುಷ್ಯ

ಹಹ್ಹಾ, ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಆಗಿರೋದೇ ಅದು. ಸೇರಿಸಿಬಿಡಿ.

ಎರೆಹೊಲ

ಗದಗ ಕಡೆ ಸಣ್ಣ ಕಾಂಟ್ರ್ಯಾಕ್ಟರ್ ನಾನು. ನಮಗೆ ಬಿಇ ಹುಡುಗರಿಗಿಂತ ಡಿಪ್ಲೊಮಾದವರೇ ಲಗೂ ಹೊಂದುತ್ತಾರೆ ನೋಡ್ರಿ. ಆದರೆ ಕೆಲಸಕ್ಕೆ ತಗೊಳ್ಳುವಾಗ ನಾನು ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ. ಸರಳಿನ ಗಾಡಿ ಮುಂದೆ ನಿಲ್ಲಿಸಿ 'ಒಂದು 12 ಮಿ.ಮೀ. ಸರಳು ಎಷ್ಟು ತೂಗಬೇಕು ಹೇಳಪಾ' ಅಂತ ಕೇಳುತ್ತೇನೆ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ 0.889 ಕೆ.ಜಿ. 12 ಮೀಟರ್ ಉದ್ದಕ್ಕೆ 10.67. ಸರಳಿನ ಮಾನದಂಡ ಐಎಸ್ 1786ರಲ್ಲಿ ಈ ದಪ್ಪಕ್ಕೆ ಶೇ. 5ರಷ್ಟು ಹೆಚ್ಚುಕಡಿಮೆ ಒಪ್ಪುತ್ತಾರೆ. ಅಂದರೆ ಹತ್ತು ಕೆ.ಜಿ.ಗಿಂತ ಕೆಳಗೆ ಹೋದರೆ ಮಾಲು ಸರಿ ಇಲ್ಲ. ನಮ್ಮ ಕಡೆ ಅಂಗಡಿಯವರು ಸರಳು ಎಣಿಸಿ ಕೊಡುವುದುಂಟು. ಎಣಿಸಿ ತಗೊಂಡವ ಕೆಟ್ಟ. ತಕ್ಕಡಿ ಹತ್ತಿಸಿ ನೋಡುವ ಹುಡುಗ ತನ್ನ ಪಗಾರವನ್ನು ತಾನೇ ದುಡಿದು ಕೊಟ್ಟಂಗೆ.

ಇನ್ನೊಂದು ಮಾತು. ಮಣ್ಣಿನ ಪಾಠ ನಿರ್ಲಕ್ಷ್ಯ ಮಾಡಬ್ಯಾಡ್ರಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲೆ ಕಟ್ಟಿದ ಗೋಡೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಜನ ಸಿಮೆಂಟ್ ಕಂಪನಿಗೆ ಬೈಯುತ್ತಾರೆ. ತಪ್ಪು ಪಾಯದ್ದು. ಎರೆ ತೆಗೆದು ಗರಸಿನವರೆಗೆ ಇಳಿಯಬೇಕು, ಇಲ್ಲವೆ ಅಂಡರ್ ರೀಮ್ಡ್ ಪೈಲ್ ಹಾಕಬೇಕು. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐನವರು ಬೆಳೆಸಿದ ಪದ್ಧತಿ ಅದು, ಬುಡದಲ್ಲಿ ಅಗಲ ಮಾಡಿದ ಕಂಬ. ತಿಪಟೂರಿನ ಕೆಂಪು ಮಣ್ಣಿನಲ್ಲಿ ಬೆಳೆದ ಹುಡುಗಿ ನಾಳೆ ವಿಜಯಪುರಕ್ಕೆ ಕೆಲಸಕ್ಕೆ ಬಂದರೆ ಮೊದಲು ನೆನಪಾಗಬೇಕಾದ್ದು ಇದೇ.

ಮೂರನೇ ಸೆಮ್

ನಾನು ಈಗ ಓದುತ್ತಿರೋಳು, ಹುಡುಗಿ. ಯಾರೂ ಹೇಳದ ವಿಷಯ ಹೇಳ್ತೀನಿ.

ಸರ್ವೆ ಪ್ರಾಕ್ಟಿಕಲ್‌ನಲ್ಲಿ ಬ್ಯಾಚ್ ಮಾಡುತ್ತಾರೆ. ಹುಡುಗರು ಓಡಿ ಹೋಗಿ ಯಂತ್ರ ಹಿಡಿದುಕೊಳ್ಳುತ್ತಾರೆ. 'ನಿಮ್ಮ ಅಕ್ಷರ ಚೆನ್ನಾಗಿದೆ' ಅಂತ ನಮ್ಮ ಕೈಗೆ ಫೀಲ್ಡ್ ಬುಕ್ ಕೊಡುತ್ತಾರೆ. ವರ್ಷವಿಡೀ ಬರೆದುಕೊಂಡೇ ಕೂತರೆ ಟೋಟಲ್ ಸ್ಟೇಶನ್ (ಕೋನ, ದೂರ ಅಳೆಯುವ ಸರ್ವೆ ಯಂತ್ರ) ಪಾಯಿಂಟ್ ಮೇಲೆ ಸೆಂಟರ್ ಮಾಡೋಕೆ ಬರಲ್ಲ. ಟ್ರೈಪಾಡ್ ಕಾಲು ಊರಿ, ಗುಳ್ಳೆ ನಡುವಿಗೆ ತಂದು, ಮತ್ತೆ ಪಾಯಿಂಟ್ ಜಾರಿತಾ ನೋಡಿ, ಮತ್ತೆ ಗುಳ್ಳೆ ಸರಿ ಮಾಡಿ... ಕೈಗೆ ಅಭ್ಯಾಸ ಆಗಲೇಬೇಕು. ನಾವು ಮೂವರು ಹುಡುಗಿಯರು ಸೇರಿ ನಮ್ಮದೇ ಬ್ಯಾಚ್ ಮಾಡಿ ಅಂತ ಮೇಡಂನ ಕೇಳಿದೆವು, ಮಾಡಿಕೊಟ್ಟರು. ತಂಗಿಗೆ ಹೇಳಿ, ಮೊದಲ ವಾರದಲ್ಲೇ ಕೇಳಲಿ.

ಸೈಟ್ ವಿಸಿಟ್‌ನಲ್ಲಿ ಟಾಯ್ಲೆಟ್ ಇರಲ್ಲ. ದೊಡ್ಡ ಕಂಪನಿಗಳ ಸೈಟ್ ಪರವಾಗಿಲ್ಲ, ಸಣ್ಣ ಕಡೆ ಕಷ್ಟ. ಇಂಟರ್ನ್‌ಶಿಪ್ ಆರಿಸುವಾಗ ಇದನ್ನು ಕೇಳೋಕೆ ನಾಚಿಕೆ ಬೇಡ.

ಸೈಟ್ ಮನುಷ್ಯ

ಟಾಯ್ಲೆಟ್ ವಿಷಯ ಹೇಳಿದ್ದು ಒಳ್ಳೇದಾಯ್ತು. ನಮ್ಮಂಥೋರ ತಲೆಗೇ ಬರಲ್ಲ ಅದು. ಈಗ ಕ್ವಾಲಿಟಿ, ಬಿಲ್ಲಿಂಗ್, ಸೇಫ್ಟಿ ವಿಭಾಗದಲ್ಲಿ ಹೆಣ್ಣುಮಕ್ಕಳು ಸಾಕಷ್ಟಿದ್ದಾರೆ. ಎಕ್ಸಿಕ್ಯೂಶನ್‌ನಲ್ಲಿ, ಅಂದರೆ ಸೈಟ್‌ನಲ್ಲಿ ನಿಂತು ಕೆಲಸ ಮಾಡಿಸುವ ಕಡೆ, ಇನ್ನೂ ಕಡಿಮೆ.

ಕಡಲಕರೆ

ಮಂಗಳೂರಿನವಳು, ಕದ್ರಿಯ ಕೆಪಿಟಿ ಪಾಲಿಟೆಕ್ನಿಕ್‌ನಲ್ಲಿ ಓದಿ ಈಗ ದುಬೈನಲ್ಲಿ ಕ್ವಾಂಟಿಟಿ ಸರ್ವೆಯಿಂಗ್ ಮಾಡುತ್ತಿದ್ದೇನೆ. ಬಿಸಿಲು ಬೇಡ ಅನ್ನುವವರಿಗೆ ಸಿವಿಲ್‌ನಲ್ಲಿ ಇದೊಂದು ದಾರಿ. ಡ್ರಾಯಿಂಗ್ ನೋಡಿ ಎಷ್ಟು ಕಾಂಕ್ರೀಟ್, ಎಷ್ಟು ಸ್ಟೀಲ್, ಎಷ್ಟು ಬ್ಲಾಕ್ ಅಂತ ತೆಗೆಯುವುದು, ಬಿಲ್ ಬಂದಾಗ ನಿಜವಾಗಿ ಅಷ್ಟು ಕೆಲಸ ಆಗಿದೆಯಾ ಅಂತ ನೋಡುವುದು. ಸಿಮೆಂಟ್, ಮರಳು, ಜಲ್ಲಿ 1:1.5:3ರಲ್ಲಿ ಹಾಕಿದರೆ ಒಂದು ಘನ ಮೀಟರ್ ಕಾಂಕ್ರೀಟ್‌ಗೆ ಸುಮಾರು ಎಂಟು ಮೂಟೆ ಸಿಮೆಂಟ್. ಯಾರಾದರೂ ಆರು ಮೂಟೆಯಲ್ಲಿ ಮುಗಿಸಿದೆ ಅಂದರೆ ಅವನ ಜಾಣತನ ಮೆಚ್ಚುವ ಮೊದಲು ಗೋಡೆ ತಟ್ಟಿ ನೋಡಬೇಕು.

ಆದರೆ ಹೊರದೇಶದ ಆಸೆಗೆ ಒಂದು ಮಿತಿ ಇದೆ. ಇಲ್ಲಿ ವೀಸಾದಲ್ಲಿ ಇಂಜಿನಿಯರ್ ಅಂತ ಬರಬೇಕಾದರೆ ಡಿಗ್ರಿ ಕೇಳುತ್ತಾರೆ. ಡಿಪ್ಲೊಮಾದವರು ಡ್ರಾಫ್ಟ್ಸ್‌ಮನ್, ಫೋರ್‌ಮನ್, ಅಸಿಸ್ಟೆಂಟ್ ಅಂತ ಬರುತ್ತಾರೆ. ಕೆಲಸ ಅದೇ ಮಾಡಿದರೂ ಸಂಬಳದಲ್ಲಿ ವ್ಯತ್ಯಾಸ. ನಾನು ಆಮೇಲೆ ಬಿಇ ಮಾಡಿದ್ದು ಇದೇ ಕಾರಣಕ್ಕೆ.

ಒಂಟಾರಿಯೊ ಕನ್ನಡಿಗ

ಕೆನಡಾದಲ್ಲಿ ಟೆಕ್ನಿಷಿಯನ್ ಅನ್ನುವುದಕ್ಕೇ ಬೇರೆ ಗೌರವ ಇದೆ. ಒಂಟಾರಿಯೊ ಕಾಲೇಜುಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಟೆಕ್ನಿಷಿಯನ್, ಮೂರು ವರ್ಷದ ಅಡ್ವಾನ್ಸ್‌ಡ್ ಡಿಪ್ಲೊಮಾ ಟೆಕ್ನಾಲಜಿಸ್ಟ್. ಒಎಸಿಇಟಿಟಿ ಅನ್ನುವ ಸಂಸ್ಥೆ ಸಿ.ಟೆಕ್., ಸಿ.ಇ.ಟಿ. ಅಂತ ಮಾನ್ಯತೆ ಕೊಡುತ್ತದೆ. ವಿಷಯ ಹೆಚ್ಚುಕಡಿಮೆ ನಮ್ಮದೇ. ಆದರೆ ಬಲ ನೋಡೋಕೆ ಭಾರತದಲ್ಲಿ ಕಾಂಕ್ರೀಟಿನ 150 ಮಿ.ಮೀ. ಕ್ಯೂಬ್ ಒಡೆಯುತ್ತಿದ್ದೆವು, ಇಲ್ಲಿ ಸಿಲಿಂಡರ್. ಒಂದೇ ಕಾಂಕ್ರೀಟ್ ಆದರೂ ಸಿಲಿಂಡರ್ ಕಡಿಮೆ ಬಲ ತೋರಿಸುತ್ತದೆ, ಅಂಕಿ ನೋಡಿ ಮೊದಮೊದಲು ಗಾಬರಿ ಆಗುತ್ತೆ. ಅಲ್ಲಿ ಕ್ಯೂರಿಂಗ್‌ಗೆ ನೀರು ಹೊಡೆಯೋದು ಚಿಂತೆ, ಇಲ್ಲಿ ಕಾಂಕ್ರೀಟ್ ಹೆಪ್ಪುಗಟ್ಟದ ಹಾಗೆ ಕಂಬಳಿ ಹೊದಿಸಿ ಹೀಟರ್ ಇಡೋದು ಚಿಂತೆ. ಹಿಮಕ್ಕೆ ನೆಲ ಉಬ್ಬುತ್ತೆ ಅಂತ ಪಾಯ ಸುಮಾರು 1.2 ಮೀಟರ್ ಆಳಕ್ಕೆ ಇಳಿಯುತ್ತದೆ.

ಎಸ್ಸೆಸ್ಸೆಲ್ಸಿ ಹುಡುಗಿಗೆ ಈಗಲೇ ಇದರ ಯೋಚನೆ ಬೇಡ. ವೀಸಾ ನಿಯಮ ಇಲ್ಲಿ ಪದೇ ಪದೇ ಬದಲಾಗುತ್ತಿದೆ. ಏಜೆಂಟ್ ಮಾತು ಕೇಳಿ ಜಮೀನು ಅಡ ಇಟ್ಟು ಬಂದವರನ್ನು ನೋಡಿದ್ದೇನೆ.

ಬಿಇ ಮುಗಿಸಿದವ

ಸರ್ಕಾರಿ ಕೆಲಸದ ಬಗ್ಗೆ ಯಾರೂ ಬರೆದಿಲ್ಲ. ನಾನು ಎಸ್‌ಎಸ್‌ಸಿ ನಡೆಸುವ ಜೆಇ (ಜೂನಿಯರ್ ಇಂಜಿನಿಯರ್) ಪರೀಕ್ಷೆಗೆ ಓದುತ್ತಿದ್ದೇನೆ. ಕೇಂದ್ರದ ಸಿಪಿಡಬ್ಲ್ಯುಡಿ (ಲೋಕೋಪಯೋಗಿ), ಎಂಇಎಸ್ (ಸೇನೆಯ ಕಟ್ಟಡ ಕೆಲಸ), ಬಿಆರ್‌ಒ (ಗಡಿ ರಸ್ತೆ) ಮುಂತಾದ ಕಡೆಯ ಹುದ್ದೆಗಳು. ಸಿಪಿಡಬ್ಲ್ಯುಡಿಗೆ ಡಿಪ್ಲೊಮಾ ಸಾಕು, ಎಂಇಎಸ್, ಬಿಆರ್‌ಒಗೆ ಡಿಪ್ಲೊಮಾ ಜೊತೆ ಎರಡು ವರ್ಷದ ಅನುಭವವೂ ಕೇಳುತ್ತಾರೆ. ಮೊದಲ ಪೇಪರ್ 200 ಅಂಕ, ಅದರಲ್ಲಿ ಸಿವಿಲ್ 100. ಎರಡನೆಯದು 300, ಪೂರ್ತಿ ಸಿವಿಲ್. ಏಳನೇ ವೇತನ ಆಯೋಗದ ಲೆವೆಲ್ 6, ಮೂಲ ವೇತನ 35,400ರಿಂದ ಶುರು. ರೈಲ್ವೆ ಜೆಇಗೂ ಡಿಪ್ಲೊಮಾ ಸಾಕು, ವೇತನ ಇದೇ. ರಾಜ್ಯದಲ್ಲಿ ಕೆಪಿಎಸ್‌ಸಿ ಮೂಲಕ ಕಿರಿಯ ಇಂಜಿನಿಯರ್, ಆದರೆ ಅಧಿಸೂಚನೆ ಯಾವಾಗ ಬರುತ್ತೆ ಅಂತ ಕಾಯುತ್ತಾ ವಯಸ್ಸಾಗುತ್ತೆ.

ಒಂದು ಒಪ್ಪಿಕೊಳ್ಳುತ್ತೇನೆ. ನನ್ನ ಜೊತೆ ಓದುವ ಡಿಪ್ಲೊಮಾ ಹುಡುಗರು ಮೂರು ವರ್ಷ ಮೊದಲೇ ಈ ಪರೀಕ್ಷೆಗೆ ಕೂತಿದ್ದರು.

ಚಾಕ್‌ಪೀಸ್

ಪರೀಕ್ಷೆಗೆ ಕಾಯುವಾಗ ಮನೆಯಲ್ಲಿ ಕೂರಬಾರದು. ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಒಂದು ವರ್ಷ ಟೆಕ್ನಿಷಿಯನ್ ಅಪ್ರೆಂಟಿಸ್ ಆಗಿ ಕೆಲಸ ಕಲಿಯಬಹುದು. ಸ್ಟೈಪೆಂಡ್ ದೊಡ್ಡದಲ್ಲ. ಆದರೆ ಸರ್ಕಾರಿ ಉದ್ದಿಮೆಗಳಲ್ಲೂ ಅವಕಾಶ ಇದೆ, ಕೊನೆಗೆ ಕೊಡುವ ಪ್ರಮಾಣಪತ್ರಕ್ಕೆ ಬೆಲೆ ಇದೆ.

ಎರೆಹೊಲ

ಮತ್ತೆ ಆ ಕ್ಯಾಡ್ (ಕಂಪ್ಯೂಟರಿನಲ್ಲಿ ಡ್ರಾಯಿಂಗ್) ಕಲಿಸುವ ಖಾಸಗಿ ಕ್ಲಾಸಿನವರ ಬಗ್ಗೆಯೂ ಹೇಳ್ರಿ ಯಾರಾದರೂ. ನನ್ನ ಅಳಿಯನ ಹತ್ತಿರ 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತ ದೊಡ್ಡ ಮೊತ್ತ ಕಿತ್ತರು. ಕೆಲಸ ಎಲ್ಲಿ ಅಂದರೆ ಫೋನ್ ಎತ್ತಲಿಲ್ಲ.

ಕಡಲಕರೆ

ಆಟೊಕ್ಯಾಡ್ ಪಾಲಿಟೆಕ್ನಿಕ್ ಲ್ಯಾಬ್‌ನಲ್ಲೇ ಕಲಿಸುತ್ತಾರೆ. ವಿದ್ಯಾರ್ಥಿಗಳಿಗೆ ಅದರ ಉಚಿತ ಆವೃತ್ತಿಯೂ ಸಿಗುತ್ತದೆ. ಮೊದಲು ಎಕ್ಸೆಲ್ ಚೆನ್ನಾಗಿ ಕಲಿಯಲಿ. ಬಾರ್ ಬೆಂಡಿಂಗ್ ಶೆಡ್ಯೂಲ್ (ಸರಳಿನ ಅಳತೆ ಪಟ್ಟಿ), ಬಿಲ್, ದಿನದ ವರದಿ ಎಲ್ಲ ಅದರಲ್ಲೇ. ನನ್ನ ಆಫೀಸಿನಲ್ಲಿ ಇವತ್ತಿಗೂ ಅರ್ಧ ಕೆಲಸ ಎಕ್ಸೆಲ್‌ನಲ್ಲೇ ನಡೆಯುತ್ತದೆ.

ಸೈಟ್ ಮನುಷ್ಯ

ಸಂಬಳದ ಮಾತಿಗೆ ವಾಪಸ್ ಬರುತ್ತೇನೆ, ಯಾಕಂದ್ರೆ ಅಣ್ಣನಿಗೆ ಅದೇ ಮುಖ್ಯ. ಶುರುವಿನಲ್ಲಿ ನಮ್ಮ ಕಡೆ ಹನ್ನೆರಡು-ಹದಿನೈದು ಸಾವಿರ, ರೂಮ್ ಕೊಟ್ಟರೆ ಅದೃಷ್ಟ. ನಾನು ಮೊದಲು ಸೇರಿದ ಕಡೆ ಸಂಬಳ ತಿಂಗಳುಗಟ್ಟಲೆ ತಡ ಆಗುತ್ತಿತ್ತು, ಬಿಟ್ಟು ಬಂದೆ. ಎರಡು ಮೂರು ಪ್ರಾಜೆಕ್ಟ್ ಪಾಯದಿಂದ ಪೇಂಟ್‌ವರೆಗೆ ನೋಡಿದ ಮೇಲೆ ಮಾತಾಡುವ ರೀತಿಯೇ ಬೇರೆ ಆಗುತ್ತದೆ.

ಸಂದರ್ಶನದಲ್ಲಿ ನಾನು ಹೊಸಬರನ್ನು ಕೇಳುವುದು ಎರಡೇ. ಈ 25 ಘನ ಮೀಟರ್ ಸ್ಲ್ಯಾಬ್‌ಗೆ ಬಲ ಪರೀಕ್ಷೆಗೆ ಎಷ್ಟು ಸ್ಯಾಂಪಲ್ ತಗೋತೀಯ? 16ರಿಂದ 30 ಘನ ಮೀಟರ್‌ಗೆ ಮೂರು ಸ್ಯಾಂಪಲ್, ಒಂದೊಂದರಲ್ಲಿ ಮೂರು ಕ್ಯೂಬ್. ಇನ್ನೊಂದು, ನಾಲ್ಕು ಮೀಟರ್ ಸ್ಲ್ಯಾಬ್‌ನ ಪ್ರಾಪ್ (ಕೆಳಗೆ ಆಸರೆ ಕೊಟ್ಟ ಕಂಬ) ಮೂರೇ ದಿನಕ್ಕೆ ತೆಗೆಯಿರಿ, ಬಾಡಿಗೆ ಉಳಿಯುತ್ತೆ ಅಂತ ಮಾಲೀಕರು ಹೇಳಿದರೆ ಏನು ಮಾಡ್ತೀಯ? ಐಎಸ್ 456 ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬ್‌ಗೆ ಏಳು ದಿನ. ಅದಕ್ಕಿಂತ ಜಾಸ್ತಿ ಇದ್ದರೆ 14. ಉತ್ತರ ತುಂಬ ಜನಕ್ಕೆ ಗೊತ್ತಿರುತ್ತದೆ. ಮಾಲೀಕರಿಗೆ ಅದನ್ನು ಹೇಗೆ ಹೇಳುತ್ತಾರೆ ಅಂತ ನೋಡುತ್ತೇನೆ.

ತಿಪಟೂರಿನ ಅಣ್ಣ

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಋಣಿ. ಅಪ್ಪನಿಗೆ ಆರು ವರ್ಷದ ಲೆಕ್ಕ ಓದಿ ಹೇಳಿದೆ, ಸ್ವಲ್ಪ ಮೆತ್ತಗಾದರು. ನಾಳೆ ಅರ್ಜಿ ಹಾಕುತ್ತೇವೆ. ಕೊನೆಯದೊಂದು ಪ್ರಶ್ನೆ: ಈಗಲೇ ಏನೇನು ಕೊಡಿಸಬೇಕು? ಲ್ಯಾಪ್‌ಟಾಪ್ ಬೇಕೇ ಬೇಕಾ?

ಮೂರನೇ ಸೆಮ್

ಲ್ಯಾಪ್‌ಟಾಪ್ ಮೊದಲ ವರ್ಷ ಬೇಡ, ಲ್ಯಾಬ್ ಸಾಕು. ಸೈಂಟಿಫಿಕ್ ಕ್ಯಾಲ್ಕುಲೇಟರ್ ಬೇಕು. ಪ್ರೋಗ್ರಾಂ ಹಾಕುವಂಥದ್ದು ತಗೋಬೇಡಿ, ಪರೀಕ್ಷೆಗೆ ಬಿಡಲ್ಲ. ಮಿನಿ ಡ್ರಾಫ್ಟರ್ (ಡ್ರಾಯಿಂಗ್ ಗೆರೆ ಎಳೆಯುವ ಸಾಧನ) ಹೊಸದು ಕೊಳ್ಳಬೇಡಿ, ಸೀನಿಯರ್‌ಗಳು ಅರ್ಧ ಬೆಲೆಗೆ ಕೊಡುತ್ತಾರೆ. ಕೊಳ್ಳುವ ಮುಂಚೆ ಸ್ಕ್ರೂ ಸಡಿಲ ಆಗಿದೆಯಾ ನೋಡಿ, ಸಡಿಲ ಇದ್ದರೆ ಗೆರೆ ಓರೆ ಬರುತ್ತೆ. ಒಂದು ಐದು ಮೀಟರ್ ಟೇಪ್ ಮಾತ್ರ ಇವತ್ತೇ ಕೊಡಿಸಿ, ಮನೆ ಪ್ಲ್ಯಾನ್ ಅವಳೇ ಅಳೆದು ಬರೆಯಲಿ.